ಹನ್ನೊಂದು ಎಂದು ಹೇಳಿ ನಿಂತ ಕಲ್ಲು

ಉರ್ವ, ಮಂಗಳೂರು
10 ಜೂನ್ 2024

ಉಳ್ಳಾಲದ ಬದ್ರುದ್ದೀನ್ ಅವರಿಗೆ,

ನಾನು ಉರ್ವದ ಹವಾಲ್ದಾರರ ಹೆಂಡತಿ ಅಮ್ಮಣಿ. ನಿಮ್ಮನ್ನು ನಾನು ನೋಡಿದ್ದು ಮೂರೇ ಸಲ. ಮೂರು ಸಲವೂ ನೀವು ನಮ್ಮ ಮನೆಯಲ್ಲಿ ಊಟ ಮಾಡಿದ್ದೀರಿ, ಆದ್ದರಿಂದ ಪರಿಚಯ ಇದೆ ಎಂದೇ ಹಿಡಿದು ಬರೆಯುತ್ತಿದ್ದೇನೆ. ಮೊದಲು ಫೋನು ಮಾಡಿದೆ. ನಿಮ್ಮ ಮನೆಯವರು ರಮ್ಲಾ ಎತ್ತಿ, "ಅವರಿಗೆ ಫೋನಿನಲ್ಲಿ ಎಂತದೂ ಕೇಳುದಿಲ್ಲ ಅಕ್ಕ. ಬರೆದು ಹಾಕಿ, ಓದ್ತಾರೆ" ಎಂದರು.

ನಮ್ಮವರು ಮೇ ಏಳರಂದು ತೀರಿಕೊಂಡರು. ಬೆಳಿಗ್ಗೆ ಎದ್ದು, ಯಾವತ್ತಿನ ಹಾಗೆ ಬಾಗಿಲಲ್ಲಿದ್ದ ಎಲ್ಲರ ಚಪ್ಪಲಿಗಳನ್ನು ಸಾಲಾಗಿ ಇಟ್ಟು, ಮೊಮ್ಮಗಳು ಮೋಕ್ಷಾಳ ಒಂದು ಚಪ್ಪಲಿ ಮಗುಚಿ ಬಿದ್ದದ್ದಕ್ಕೆ ಅವಳನ್ನು ಎಬ್ಬಿಸಿ ಬೈದು, ಕುರ್ಚಿಯಲ್ಲಿ ಕುಳಿತು ಚಹಾ ಕೇಳಿದರು. ನಾನು ತರುವಾಗ ಇರಲಿಲ್ಲ. ನಮ್ಮ ಮನೆಯಲ್ಲಿ ಮಕ್ಕಳು ಗೆಳೆಯರ ಮನೆಗೆ ಹೋಗಬೇಕಾದರೂ ರಜೆ ಅರ್ಜಿ ಬರೆದು ಕೊಡಬೇಕಿತ್ತು, ಇವರು ಕೆಂಪು ಪೆನ್ಸಿಲಿನಲ್ಲಿ ಮಂಜೂರು ಮಾಡಬೇಕಿತ್ತು. ನಮ್ಮ ಕಿರಿಯವ ಜಿತೇಶ್ ಮದುವೆಯಾದ ಮೇಲೆ ಅಭ್ಯಾಸಬಲದಿಂದ ಮಡಿಕೇರಿಗೆ ಹೋಗಲು ಏಳು ದಿನ ಕೇಳಿದ್ದ, ಐದು ಸಿಕ್ಕಿತು. ಅಂಥವರು ತಾವು ಮಾತ್ರ ಅರ್ಜಿ ಇಲ್ಲದೆ ಹೊರಟುಹೋದರು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಓಣಿಯ ತುದಿಯಲ್ಲಿ ಓಣಿಯವರೆಲ್ಲ ಸೇರಿ ಹೊಸ ಬಸ್ ತಂಗುದಾಣ ಕಟ್ಟಿಸಿದ್ದಾರೆ. ಅದಕ್ಕೆ ಇವರ ಹೆಸರು ಇಡುತ್ತಾರಂತೆ. ಆಗಸ್ಟ್ ಹದಿನೈದಕ್ಕೆ ಕಲ್ಲು ನಿಲ್ಲಿಸುವುದು. ಕಲ್ಲಿನ ಮೇಲೆ ಬರೆಯುವ ಮಾತನ್ನು ದೋಹಾದಲ್ಲಿರುವ ನಮ್ಮ ಹಿರಿಯವ ಹಿತೇಶ್ ಕಳಿಸಿದ್ದಾನೆ: "1971ರ ಯುದ್ಧದಲ್ಲಿ ಏಕಾಂಗಿಯಾಗಿ ಹನ್ನೊಂದು ಶತ್ರುಗಳನ್ನು ಸೆರೆಹಿಡಿದ ವೀರ."

ನಾನು ಈ ಮನುಷ್ಯನ ಜೊತೆ ಐವತ್ತು ವರ್ಷಕ್ಕೆ ಎರಡು ತಿಂಗಳು ಕಡಿಮೆ ಬದುಕಿದ್ದೇನೆ. ಯುದ್ಧದ ಬಗ್ಗೆ ಕೇಳಿದರೆ "ಚಳಿ ಇತ್ತು" ಎನ್ನುತ್ತಿದ್ದರು, ಅಷ್ಟೇ. ಮನೆಯ ಒಂದು ಕೋಳಿ ಹಿಡಿಯಲು ಇವರಿಗೆ ಅರ್ಧ ದಿನ ಬೇಕಿತ್ತು. ಹನ್ನೊಂದು ಮನುಷ್ಯರು ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಇನ್ನೊಂದು, ಇವರಿಗೆ ಒಂದು ಗಾಯದ ಕಲೆ ಇತ್ತು. ಹಿತೇಶ್ ಅದು ಗುಂಡಿನದ್ದು ಎನ್ನುತ್ತಾನೆ. ಕಲೆ ಇದ್ದದ್ದು ಕುಳಿತುಕೊಳ್ಳುವ ಜಾಗದಲ್ಲಿ. ಗುಂಡು ಅಲ್ಲಿ ತಗಲಿದ್ದರೆ ಇವರು ಯಾವ ಕಡೆಗೆ ಓಡುತ್ತಿದ್ದರು ಎಂಬ ಪ್ರಶ್ನೆ ಬರುತ್ತದಲ್ಲ?

ಒಂದೇ ದಿನ ಸೈನ್ಯಕ್ಕೆ ಸೇರಿ ಒಂದೇ ಕಂಪನಿಯಲ್ಲಿ ಇದ್ದವರು ನೀವು. ನಿಜ ಬರೆದು ತಿಳಿಸಿ.

ಕಾಯುತ್ತಿರುವ,
ಅಮ್ಮಣಿ


ಉಳ್ಳಾಲ
19 ಜೂನ್ 2024

ಶ್ರೀಮತಿ ಅಮ್ಮಣಿಯವರಿಗೆ,

ತಮ್ಮ ಪತ್ರ ತಲುಪಿತು. ತಡೆದುಕೊಳ್ಳುವ ಶಕ್ತಿಯನ್ನು ದೇವರು ನಿಮಗೆ ಕೊಡಲಿ. ಪೇಪರಿನಲ್ಲಿ ನೋಡಿದ್ದೆ. ಬರಲು ಆ ದಿನ ಬಸ್ಸು ಸಿಗಲಿಲ್ಲ.

ಜಯನ ಬಗ್ಗೆ ನಾನು ಏನನ್ನೂ ಹೇಳಲು ಇಷ್ಟಪಡುವುದಿಲ್ಲ. 1998ರಿಂದ ನಮ್ಮಲ್ಲಿ ಮಾತಿಲ್ಲ. ಅದು ಹಾಗೆಯೇ ಇರಲಿ.

ಇಂತಿ,
ಬದ್ರುದ್ದೀನ್, ಮಾಜಿ ನಾಯಕ್

ವಿ.ಸೂ.: ಹನ್ನೊಂದು ಎಂಬ ಲೆಕ್ಕ ಸರಿ. ಆದರೆ ಅವು ಶತ್ರುಗಳಲ್ಲ, ಹೇಸರಗತ್ತೆಗಳು. ಅವೂ ನಮ್ಮವೇ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯದಿದ್ದರೆ ನೀವು ತಪ್ಪು ತಿಳಿಯುತ್ತೀರಿ. ನಮ್ಮದು ಬಂದೂಕಿನ ಕೆಲಸವಲ್ಲ. ರಸ್ತೆ ಇಲ್ಲದ ಗುಡ್ಡಗಳಿಗೆ ಹೇಸರಗತ್ತೆಗಳ ಬೆನ್ನ ಮೇಲೆ ಅಕ್ಕಿ, ಹಿಟ್ಟು, ಮದ್ದುಗುಂಡು ಹೊರಿಸಿಕೊಂಡು ಹೋಗುವ ಕಂಪನಿ. ಕರಾವಳಿಯಿಂದ ಹೋದ ನಾವಿಬ್ಬರೂ ಅಂಥ ಪ್ರಾಣಿಯನ್ನು ಅಲ್ಲಿಯವರೆಗೆ ನೋಡಿದವರಲ್ಲ. ಜಯ ಮೊದಲ ದಿನ ಅದನ್ನು ನೋಡಿ, "ಇದು ಕುದುರೆಯಾ ಕತ್ತೆಯಾ, ಒಂದು ತೀರ್ಮಾನ ಮಾಡ್ಲಿಕ್ಕೆ ಆಗ್ಲಿಲ್ವಾ ಮಾರಾಯ ಇದಕ್ಕೆ?" ಎಂದ. ಅದಕ್ಕೆ ಅರ್ಥವಾಗಿರಬೇಕು. ಅವನು ತಿರುಗಿದ ಕೂಡಲೇ ಕಚ್ಚಿತು. ನೀವು ಕೇಳಿದ ಕಲೆ ಅದು. ಅವನು ಹದಿನೈದು ದಿನ ನಿಂತುಕೊಂಡೇ ಊಟ ಮಾಡಿದ.

ಯುದ್ಧದಲ್ಲಿ ಒಂದು ಮಧ್ಯಾಹ್ನ ನಾವು ಗುಡ್ಡ ಹತ್ತುವಾಗ ಹತ್ತಿರವೇ ಶೆಲ್ ಬಿತ್ತು. ನನ್ನ ಎಡಗಿವಿ ಅಲ್ಲೇ ಹೋಯಿತು. ಹನ್ನೊಂದು ಹೇಸರಗತ್ತೆಗಳು ಹೊರೆ ಸಮೇತ ಕಾಡಿಗೆ ನುಗ್ಗಿದವು. ಮೇಲಿನ ಪೋಸ್ಟಿನಲ್ಲಿ ನಲವತ್ತು ಜನ ಎರಡು ದಿನದಿಂದ ಹಸಿದು ಕುಳಿತಿದ್ದರು. ಸಾಹೇಬರು, ಬಿಟ್ಟುಬಿಡಿ, ಕಾಡಿಗೆ ಹೋಗಬೇಡಿ, ಎಂದರು. ಜಯ, "ಸರ್, ದನ ದಾರಿ ತಪ್ಪಿದ್ರೆ ನಮ್ಮ ಊರಲ್ಲಿ ಹೀಗೆ ಬಿಡುದಿಲ್ಲ" ಎಂದು ತುಳುವಿನಲ್ಲಿ ಹೇಳಿ ಹೋದ. ಸಾಹೇಬರು ಅದನ್ನು "ಎಸ್ ಸರ್" ಎಂದು ತಿಳಿದುಕೊಂಡರು.

ಕಾಡಿನೊಳಗೆ ಅವನು ಮನೆಯ ಕೋಣಗಳನ್ನು ಕರೆಯುವ ಹಾಗೆ "ಬಲ, ಬಲ" ಎಂದು ಕರೆಯುತ್ತ ತಿರುಗಿದ. ಪಂಜಾಬಿನಲ್ಲಿ ಹುಟ್ಟಿದ ಆ ಪ್ರಾಣಿಗಳಿಗೆ 'ಬಾ' ಎಂಬ ತುಳು ಮಾತು ತಿಳಿಯಿತು. ಒಂದೊಂದಾಗಿ ಬಂದವು. ಮಾರನೆಯ ದಿನ ಬೆಳಿಗ್ಗೆ ಒಬ್ಬನೇ ಹನ್ನೊಂದನ್ನೂ ಸಾಲಾಗಿ ಮೇಲಕ್ಕೆ ಹತ್ತಿಸಿದ್ದ. ಆ ನಲವತ್ತು ಜನ ಊಟ ಮಾಡುವುದನ್ನು ನಾನು ನೋಡಿದ್ದೇನೆ.

ಇದಕ್ಕೆ ಪದಕ ಬರಲಿಲ್ಲ. ಹೇಸರಗತ್ತೆ ಹಿಡಿದದ್ದಕ್ಕೆ ಪದಕ ಇಲ್ಲ.

ಇನ್ನು ನಾನು ಏನನ್ನೂ ಬರೆಯುವುದಿಲ್ಲ.


ಉರ್ವ
24 ಜೂನ್ 2024

ಬದ್ರುದ್ದೀನ್ ಅವರಿಗೆ,

ನೀವು ಪತ್ರ ನಾಲ್ಕು ಸಾಲು, ವಿಶೇಷ ಸೂಚನೆ ಮೂರು ಪುಟ ಬರೆದಿದ್ದೀರಿ. ಇನ್ನು ಮುಂದೆ ನೇರ ಸೂಚನೆಯನ್ನೇ ಬರೆಯಿರಿ.

ಓದಿ ನಾನು ನಕ್ಕೆ. ನಗುವುದು ನಿಲ್ಲಲಿಲ್ಲ. ಸತ್ತ ಮನೆಯಲ್ಲಿ ಇಷ್ಟು ನಗುವುದನ್ನು ಯಾರಾದರೂ ಕೇಳಿದರೆ ಎಂದು ಸೊಸೆ ಅನುಷ್ಕಾ ಕಿಟಕಿ ಮುಚ್ಚಿದಳು. ಆಮೇಲೆ ಅವಳೂ ಓದಿದಳು. ಮುಚ್ಚಿದ್ದು ಒಳ್ಳೆಯದಾಯಿತು.

ಕೂಡಲೇ ಜಿತೇಶನ ಸ್ಕೂಟರಿನಲ್ಲಿ ಬಿಜೈಗೆ ಓಡಿದೆ. ಅಲ್ಲಿ ಕಲ್ಲು ಕೆತ್ತುವ ಬೊನಿಫಾಸ್ "ಏಕಾಂಗಿಯಾಗಿ ಹನ್ನೊಂದು" ಎಂಬಲ್ಲಿಯವರೆಗೆ ಕೆತ್ತಿ, ಮುಂದಿನ ಅಕ್ಷರಕ್ಕೆ ಉಳಿ ಇಟ್ಟಿದ್ದರು. ನಾನು ಕಲ್ಲಿನ ಮೇಲೆ ಕೈ ಇಟ್ಟು, "ನಿಲ್ಲಿಸಿ" ಎಂದೆ.

"ಎಂತಕ್ಕೆ ಅಮ್ಮಾ?"

"ಶತ್ರುಗಳು ಬದಲಾಗಿದ್ದಾರೆ."

"ಯಾರು ಬದಲಾದರೂ ಆಗ್ಬಹುದು, ಲೆಕ್ಕ ಬದಲಾಗ್ಬಾರದು. ಕಲ್ಲಿಗೆ ಇನ್ನೂ ರಬ್ಬರ್ ಬಂದಿಲ್ಲ."

ಲೆಕ್ಕ ಅದೇ ಉಂಟು ಎಂದು ಭರವಸೆ ಕೊಟ್ಟು ಬಂದಿದ್ದೇನೆ. ಕಲ್ಲು ಈಗ ಹನ್ನೊಂದು ಎಂದು ಹೇಳಿ ಬಾಯಿ ಮುಚ್ಚಿ ನಿಂತಿದೆ. ಹಿತೇಶನಿಗೆ ತಿಳಿಸಿದ್ದೇನೆ. ಅವನಿಂದ ಉತ್ತರ ಇಲ್ಲ. ಉತ್ತರ ಇಲ್ಲ ಅಂದರೆ ಸಿಟ್ಟು ಉಂಟು.

ಈಗ ನನ್ನ ಎರಡು ಮಾತು. ಒಂದು: ಉಳ್ಳಾಲದಿಂದ ಐದೈದು ನಿಮಿಷಕ್ಕೆ ಬಸ್ಸು ಉಂಟು. ನಿಮಗೆ ಬಸ್ಸು ಸಿಗಲಿಲ್ಲ ಎಂಬುದನ್ನು ನಾನು ಓದಿದೆ, ಅಷ್ಟೇ. ಎರಡು: 1998ರಲ್ಲಿ ಆದದ್ದು ಎಂತ? ನಾನು ಕೇಳಿದಾಗ ಇವರು, "ಬದ್ರುವಿಗೆ ಕಿವಿ ಕೇಳುದಿಲ್ಲ, ನನಗೆ ಮಾತು ಬರುದಿಲ್ಲ, ಹಾಗೆ ನಿಂತಿತು" ಎಂದಿದ್ದರು. ಅದು ಉತ್ತರ ಅಲ್ಲ ಎಂದು ನನಗೆ ಆಗಲೇ ಗೊತ್ತಿತ್ತು.

ಅಮ್ಮಣಿ


ಉಳ್ಳಾಲ
8 ಜುಲೈ 2024

ಅಮ್ಮಣಿಯವರಿಗೆ,

ನೀವು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ಮಗ ಹಾಶಿಂ ನಿಮಗೆ ನೆನಪಿರಬಹುದು. ಈಗ ತೊಕ್ಕೊಟ್ಟಿನಲ್ಲಿ ಬೇಕರಿ ಇಟ್ಟಿದ್ದಾನೆ. ಹದಿನೆಂಟು ವರ್ಷವಾದಾಗ ಅವನನ್ನು ಸೈನ್ಯಕ್ಕೆ ಸೇರಿಸಬೇಕೆಂದು ನನಗೆ ಬಹಳ ಆಸೆ ಇತ್ತು. ಭರ್ತಿಗೆ ಎರಡು ತಿಂಗಳಿರುವಾಗ ಓಟ ಕಲಿಸಲು ಜಯನ ಕೈಗೆ ಒಪ್ಪಿಸಿದೆ. ಜಯ ಆಗ ಬ್ಯಾಂಕಿನ ಕಾವಲಿನಲ್ಲಿದ್ದ. ದಿನಾ ಬೆಳಿಗ್ಗೆ ಉರ್ವದಿಂದ ಬಂದು ಸಮುದ್ರ ತೀರದಲ್ಲಿ ಅವನನ್ನು ಓಡಿಸುತ್ತಿದ್ದ. ನಾನು ದೂರದಲ್ಲಿ ನಿಂತು ನೋಡಿ ಸಂತೋಷಪಡುತ್ತಿದ್ದೆ.

ಭರ್ತಿಗೆ ಮೂರು ದಿನ ಇರುವಾಗ ಜಯ ಬಂದು ನನ್ನ ಜಗಲಿಯಲ್ಲಿ ಅಟೆನ್ಶನ್ ನಿಂತು, "ನಿನ್ನ ಮಗನಿಗೆ ಸೈನ್ಯ ಬೇಡ ಅಂತ ನಾನೇ ಹೇಳಿದ್ದೇನೆ. ಹೋದ್ರೆ ನಿನ್ನ ಹಾಗೆ ಕಿವುಡ ಆಗ್ತಾನೆ" ಎಂದ. ಬಲಗಿವಿಯ ಹತ್ತಿರ ಬಂದು ಹೇಳಿದ, ಕೇಳದೆ ಹೋಗಬಾರದಲ್ಲ ಎಂದು.

ನನ್ನ ಕಿವಿ ಎಲ್ಲಿ ಹೋಯಿತು ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು, "ಹೋಗು, ಹೇಸರಗತ್ತೆ ಕಾಯುವವನಿಗೆ ಸಿಪಾಯಿಯ ಮಾತು ಯಾಕೆ" ಎಂದೆ. ಅದು ಸ್ವಲ್ಪ ತಪ್ಪು. ನಾನೂ ಹೇಸರಗತ್ತೆಯನ್ನೇ ಕಾಯುತ್ತಿದ್ದೆ. ಆದರೆ ಸಿಟ್ಟಿನಲ್ಲಿ ಅದು ನೆನಪಾಗಲಿಲ್ಲ. ಅವನು ಎಬೌಟ್ ಟರ್ನ್ ಮಾಡಿ ಹೋದ.

ಇಷ್ಟೇ ನಡೆದದ್ದು. ನ್ಯಾಯ ಯಾರ ಕಡೆಗಿದೆ ಎಂದು ನೀವೇ ಹೇಳಿ.

ಬದ್ರುದ್ದೀನ್


ತೊಕ್ಕೊಟ್ಟು
9 ಜುಲೈ 2024

ಅಮ್ಮಣಿಯಮ್ಮನಿಗೆ ಹಾಶಿಂ ಬರೆಯುವುದು,

ಉಪ್ಪನ (ಅಪ್ಪನನ್ನು ನಾವು ಹಾಗೇ ಕರೆಯುವುದು) ಪತ್ರಗಳ ಕಾಗುಣಿತ ತಿದ್ದಿ ಪೋಸ್ಟಿಗೆ ಹಾಕುವವನು ನಾನೇ. ನಿನ್ನೆಯದರಲ್ಲಿ ಕಾಗುಣಿತ ಮಾತ್ರ ತಿದ್ದಿದೆ, ತಪ್ಪು ಹಾಗೇ ಉಳಿಯಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಉಪ್ಪನ ಪತ್ರ ಸಿಗುವಾಗ ಇದೂ ಸಿಗಬೇಕು.

ಜಯಣ್ಣ ನನಗೆ ಬೇಡ ಎಂದು ಹೇಳಲೇ ಇಲ್ಲ. ಬೇಡ ಎಂದವನು ನಾನು. ನನಗೆ ಓಡಲು ಬರುತ್ತಿತ್ತು. ಆದರೆ ಪಟಾಕಿ ಹೊಡೆದರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಜಾತಿ ನನ್ನದು. ಆ ದಿನ ಓಟದ ಮಧ್ಯೆ ಮರಳಿನಲ್ಲಿ ಕುಳಿತು ಅತ್ತುಬಿಟ್ಟೆ.

ಜಯಣ್ಣ ಪಕ್ಕ ಕುಳಿತು, "ಹೆದರಿಕೆ ಆಗ್ತದಾ?" ಎಂದರು.

"ಆಗ್ತದೆ."

"ನನಗೂ ಆಗಿತ್ತು ಮಾರಾಯ. ಆದ್ರೆ ಅಪ್ಪನ ಹತ್ರ ಅದನ್ನು ಹೇಳುದಕ್ಕಿಂತ ಯುದ್ಧಕ್ಕೆ ಹೋಗುದೇ ಸುಲಭ ಅಂತ ಕಂಡಿತು. ಹೋಗಿಬಿಟ್ಟೆ."

ಉಪ್ಪನಿಗೆ ಹೇಳಬೇಡಿ, ನಾನು ಹೆದರುಪುಕ್ಕಲ ಅಂತ ಗೊತ್ತಾದರೆ ಅವರು ತಲೆ ಎತ್ತಿ ನಡೆಯುವುದಿಲ್ಲ ಎಂದು ಬೇಡಿಕೊಂಡೆ. ಅವರು ಸ್ವಲ್ಪ ಯೋಚಿಸಿ, "ನಾನೇ ಬೇಡ ಅಂದೆ ಅಂತ ಹೇಳ್ತೇನೆ. ಬದ್ರುವಿನ ಸಿಟ್ಟು ನನಗೆ ಗೊತ್ತುಂಟು. ಒಂದು ವಾರ. ಹೆಚ್ಚು ಅಂದ್ರೆ ಹಬ್ಬದವರೆಗೆ" ಎಂದರು.

ಅವರ ಲೆಕ್ಕ ತಪ್ಪಿತು. ಇಪ್ಪತ್ತಾರು ವರ್ಷ ಆಯಿತು.

ತಿಂಗಳಿಗೊಮ್ಮೆ ಬೇಕರಿಗೆ ಬಂದು ಒಂದು ಖಾರ ಬನ್ ತಿಂದು, "ಅಪ್ಪ ಹೇಗಿದ್ದಾನೆ? ಕಿವಿ ಹೇಗುಂಟು?" ಎಂದು ಕೇಳಿ ಹೋಗುತ್ತಿದ್ದರು. ಸತ್ಯ ಹೇಳುತ್ತೇನೆ ಎಂದು ನಾನು ಹೊರಟಾಗಲೆಲ್ಲ, "ಈ ಹಬ್ಬ ಕಳೀಲಿ" ಎನ್ನುತ್ತಿದ್ದರು. ನಾನೂ ಅದನ್ನೇ ಹಿಡಿದುಕೊಂಡೆ. ಹೇಳಲು ಆಗದೇ ಇದ್ದವನು ನಾನು, ಅವರಲ್ಲ. ಏಪ್ರಿಲಿನಲ್ಲಿ ಬಂದದ್ದೇ ಕೊನೆ. ಆ ದಿನ ಬನ್ ಅರ್ಧ ತಿಂದು ಅರ್ಧ ಕಟ್ಟಿಸಿಕೊಂಡು ಹೋದರು.

ನನ್ನ ಮೇಲೆ ಸಿಟ್ಟು ಮಾಡಿ. ಆದರೆ ಉಪ್ಪನಿಗೆ ಏನು ಹೇಳಲಿ, ಅದನ್ನು ತಿಳಿಸಿ.

ಹಾಶಿಂ


ಉರ್ವ
15 ಜುಲೈ 2024

ಹಾಶಿಂ,

ಆ ಅರ್ಧ ಬನ್ ನನಗೆ ತಂದದ್ದು. ಸಮುದ್ರದ ಗಾಳಿ ತಿನ್ನಲು ಹೋಗುತ್ತೇನೆ ಎನ್ನುತ್ತಿದ್ದರು. ಸಮುದ್ರದ ಗಾಳಿಗೆ ಶರ್ಟಿನ ಮೇಲೆ ಬನ್ನಿನ ಚೂರು ಹೇಗೆ ಬರುತ್ತದೆ ಎಂದು ನಾನು ಕೇಳಲಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಗೆ ಬೇಕರಿ ತಿಂಡಿ ನಿಲ್ಲಿಸಿದ್ದೆ, ಅದಕ್ಕಾಗಿ ಕದ್ದು ತಿನ್ನುತ್ತಾರೆ ಎಂದುಕೊಂಡಿದ್ದೆ.

ಹದಿನೆಂಟಕ್ಕೆ ಹೆದರಿದ್ದಕ್ಕೆ ನಾನು ಎಂತದೂ ಹೇಳುವುದಿಲ್ಲ. ನಿನಗೆ ಈಗ ನಲವತ್ತನಾಲ್ಕು. ಎದುರಿಗೆ ಇರುವುದು ಯುದ್ಧ ಅಲ್ಲ, ನಿನ್ನ ಅಪ್ಪ. ನೀನೇ ಹೇಳು. ನಾನು ಹೇಳುವುದಿಲ್ಲ. ನಿನ್ನ ಅಪ್ಪನ ಪತ್ರಕ್ಕೆ ಉತ್ತರವನ್ನೂ ಬರೆಯುವುದಿಲ್ಲ, ನೀನು ಹೇಳುವವರೆಗೆ.

ಅಮ್ಮಣಿ


ಉಳ್ಳಾಲ
2 ಆಗಸ್ಟ್ 2024

ಅಮ್ಮಣಿಯಕ್ಕನಿಗೆ,

ಈ ಪತ್ರದಲ್ಲಿ ಕಾಗುಣಿತ ತಪ್ಪಿದ್ದರೆ ಕ್ಷಮಿಸಿ. ತಿದ್ದುವವನ ಜೊತೆ ನನಗೆ ಆರು ದಿನ ಮಾತಿರಲಿಲ್ಲ.

ಹಾಶಿಂ ಹೋದ ಶುಕ್ರವಾರ ಊಟವಾದ ಮೇಲೆ ಹೇಳಿದ. ಮೊದಲು ಮೆಲ್ಲಗೆ ಹೇಳಿದ. ನನಗೆ ಕೇಳಲಿಲ್ಲ. "ಎಂತ?" ಎಂದೆ. ಸ್ವಲ್ಪ ಜೋರಾಗಿ ಹೇಳಿದ. "ಎಂತ?" ಎಂದೆ. ನನ್ನ ಕಿವಿಯ ಯಂತ್ರ ಶಿಳ್ಳೆ ಹಾಕತೊಡಗಿತು. ಕೊನೆಗೆ ಅವನು ಎದ್ದು ನಿಂತು, "ನನಗೆ ಹೆದರಿಕೆ ಆಗಿತ್ತು ಉಪ್ಪಾ! ಜಯಣ್ಣ ಸುಳ್ಳು ಹೇಳಿದ್ದು ನನಗೋಸ್ಕರ!" ಎಂದು ಕೂಗಿದ. ಪಕ್ಕದ ಮನೆಯ ಝೈನಬ್ ಕೈತೊಳೆಯದೆ ಕಿಟಕಿಗೆ ಬಂದಳು. ಆಚೆ ಮನೆಯಲ್ಲಿ ಟೀವಿ ನಿಲ್ಲಿಸಿದರು. ಇಪ್ಪತ್ತಾರು ವರ್ಷದ ಗುಟ್ಟು ಎರಡು ನಿಮಿಷದಲ್ಲಿ ಇಡೀ ಓಣಿಗೆ ತಿಳಿಯಿತು. ಎಲ್ಲರಿಗಿಂತ ಕೊನೆಗೆ ತಿಳಿದದ್ದು ನನಗೆ. ರಮ್ಲಾ ಮಾತ್ರ ತಟ್ಟೆ ಎತ್ತುತ್ತ ಕುಳಿತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತಂತೆ.

ಮಗನ ಮೇಲೆ ಸಿಟ್ಟು ಮಾಡಿದೆ. ಹೆಂಡತಿಯ ಮೇಲೆ ಮಾಡಿದೆ. ಆಮೇಲೆ ಜಯನ ಮೇಲೆ ಮಾಡಲು ಹೊರಟೆ. ಇಷ್ಟು ವರ್ಷ ಅವನ ಮೇಲೆ ಸಿಟ್ಟು ಮಾಡಿ ಮಾಡಿ ಅದೊಂದು ಅಭ್ಯಾಸವಾಗಿ ಹೋಗಿದೆ. ಹೋಗಿ ಬೈಯೋಣ ಎಂದರೆ ಅವನಿಲ್ಲ. ಇದು ನ್ಯಾಯವಾ ಅಕ್ಕ? ತಪ್ಪು ನನ್ನದು ಎಂದು ಗೊತ್ತಾಗುವಾಗ ತಪ್ಪೊಪ್ಪಿಕೊಳ್ಳಲು ಆ ಮನುಷ್ಯನಾದರೂ ಇರಬೇಡವಾ?

ಆರು ದಿನ ಕಳೆದು ಬೇಕರಿಗೆ ಹೋದೆ. ಹಾಶಿಂ ಓಡಿ ಬಂದ. ಜಯ ಎಲ್ಲಿ ನಿಲ್ಲುತ್ತಿದ್ದ ಎಂದು ಕೇಳಿದೆ. ತೋರಿಸಿದ. ಅಲ್ಲಿಯೇ ನಿಂತು ಒಂದು ಬನ್ ತಿಂದೆ. ಖಾರ ಹೆಚ್ಚು. ಇದನ್ನು ಅವನು ಪ್ರತಿ ತಿಂಗಳು ಹೇಗೆ ತಿಂದನೋ. ಮಗನಿಗೆ, "ನೀನು ಸೈನ್ಯಕ್ಕೆ ಹೋಗಿದ್ದರೆ ಈ ಬೇಕರಿ ಯಾರು ನೋಡ್ತಿದ್ದರು" ಎಂದು ಹೇಳಿದೆ. ಅಷ್ಟು ಹೇಳಲು ಬಂತು.

ಇನ್ನೊಂದು ಹೇಳಲಿಕ್ಕಿದೆ. ಬಸ್ಸು ಸಿಗಲಿಲ್ಲ ಎಂದು ಬರೆದಿದ್ದೆ. ಸಿಕ್ಕಿತ್ತು. ಒಳ್ಳೆಯ ಶರ್ಟು ಹಾಕಿಕೊಂಡು ಹೊರಟಿದ್ದೆ. ಬಿಜೈಯಲ್ಲಿ ಇಳಿದುಬಿಟ್ಟೆ. ಸರಕಾರಿ ಬಸ್ ನಿಲ್ದಾಣದ ಬೆಂಚಿನಲ್ಲಿ ಒಂದೂವರೆ ಗಂಟೆ ಕುಳಿತೆ. ಧರ್ಮಸ್ಥಳದ ಬಸ್ಸು ಹೋಯಿತು, ಮೈಸೂರಿನ ಬಸ್ಸು ಹೋಯಿತು. ಒಬ್ಬ ಬಂದು, "ಅಜ್ಜ, ಎಲ್ಲಿಗೆ?" ಎಂದು ಕೇಳಿದ. ಎಲ್ಲಿಗೂ ಇಲ್ಲ ಎಂದು ಹೇಳಿ ಮನೆಗೆ ಬಂದೆ.

ಕಲ್ಲಿನ ಮಾತು ಕಳಿಸುತ್ತಿದ್ದೇನೆ. "ಏಕಾಂಗಿಯಾಗಿ ಹನ್ನೊಂದು" ಆದ ಮೇಲೆ ಹೀಗೆ ಕೆತ್ತಲಿ: "ಹೇಸರಗತ್ತೆಗಳನ್ನು ಹಿಡಿದು ತಂದು ನಲವತ್ತು ಜನರಿಗೆ ಊಟ ಮುಟ್ಟಿಸಿದ ಹವಾಲ್ದಾರ್ ಜಯ." ವೀರ ಎಂಬ ಶಬ್ದ ಬೇಕಾದರೆ ನಿಮ್ಮ ಮಗನ ಸಮಾಧಾನಕ್ಕೆ ಸೇರಿಸಿ. ನನ್ನ ಆಕ್ಷೇಪ ಇಲ್ಲ.

ಹದಿನೈದಕ್ಕೆ ಬರುತ್ತೇನೆ. ಬಿಜೈಯಲ್ಲಿ ಇಳಿಯುವುದಿಲ್ಲ.

ನಿಮ್ಮ,
ಬದ್ರುದ್ದೀನ್


ದೋಹಾ
7 ಆಗಸ್ಟ್ 2024

ಅಮ್ಮಾ,

ಅನುಷ್ಕಾ ಇದನ್ನು ಪ್ರಿಂಟ್ ತೆಗೆದು ಕೊಡುತ್ತಾಳೆ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ.

ಹೇಸರಗತ್ತೆ ಬೇಡ ಅಮ್ಮಾ. ನಾಲ್ಕು ಜನ ಬಸ್ಸಿಗೆ ಕಾಯುತ್ತ ನಿಂತು ಓದಿ ನಗುತ್ತಾರೆ. ಇಲ್ಲಿ ನನ್ನ ಆಫೀಸಿನಲ್ಲಿ ಎಲ್ಲರಿಗೂ ಅಪ್ಪ ಯಾರು ಎಂದು ಗೊತ್ತು, ಹನ್ನೊಂದು ಜನರ ಕಥೆ ಗೊತ್ತು. ಈಗ ಅವರಿಗೆ ನಾನು ಏನು ಹೇಳಲಿ?

ಈ ಕಥೆ ಎಲ್ಲಿಂದ ಬಂತು ಎಂದು ನೀನು ಕೇಳಿದ್ದೆ. ನಾನೇ ಕಟ್ಟಿದ್ದು. ಐದನೇ ಕ್ಲಾಸಿನಲ್ಲಿ 'ನನ್ನ ತಂದೆ' ಎಂದು ಪ್ರಬಂಧ ಬರೆಯಲು ಹೇಳಿದ್ದರು. ಅಪ್ಪ ವರ್ಷಕ್ಕೆ ಒಂದು ತಿಂಗಳು ಮನೆಯಲ್ಲಿರುತ್ತಿದ್ದರು. ನನಗೆ ಅವರ ಬಗ್ಗೆ ಬರೆಯಲು ಏನೂ ಗೊತ್ತಿರಲಿಲ್ಲ. ಒಮ್ಮೆ ರಜೆಯಲ್ಲಿ ಬಂದಾಗ ಯುದ್ಧದಲ್ಲಿ ನೀವು ಎಷ್ಟು ಜನರನ್ನು ಹಿಡಿದಿರಿ ಎಂದು ಕೇಳಿದ್ದೆ. "ಹನ್ನೊಂದು" ಎಂದು ಹೇಳಿ ನಕ್ಕಿದ್ದರು. ಉಳಿದದ್ದನ್ನು ನಾನು ತುಂಬಿಸಿದೆ. ಮೊದಲ ಬಹುಮಾನ ಬಂತು. ಆಮೇಲೆ ಅದು ಸುಳ್ಳು ಎಂದು ನನಗೇ ಮರೆತುಹೋಯಿತು.

ರಜೆ ಮಂಜೂರಾಗಲಿಲ್ಲ. ಹದಿನೈದಕ್ಕೆ ಬರಲು ಆಗುವುದಿಲ್ಲ. ನಿನಗೆ ಸರಿ ಕಂಡದ್ದನ್ನು ಮಾಡು.

ಹಿತೇಶ್


ಉರ್ವ
18 ಆಗಸ್ಟ್ 2024

ಪ್ರೀತಿಯ ಹಿತೇಶ್,

ಹೇಸರಗತ್ತೆ ಎಂದೇ ಕೆತ್ತಿಸಿದೆ. ಬೇಸರ ಮಾಡಬೇಡ, ಪೂರ್ತಿ ಓದು.

ಹದಿನೈದಕ್ಕೆ ಬೆಳಿಗ್ಗೆ ಬಾವುಟ ಏರಿಸಿ ತಂಗುದಾಣದ ಹತ್ತಿರ ಬರುವಾಗ ಜೋರು ಮಳೆ ಬಂತು. ಬಂದ ಎಪ್ಪತ್ತು ಜನವೂ ಒಳಗೆ ನುಗ್ಗಿದರು. ಕಲ್ಲು ಎಲ್ಲರ ಬೆನ್ನ ಹಿಂದೆ ಹೋಯಿತು, ಯಾರಿಗೂ ಕಾಣಲಿಲ್ಲ. ಇಷ್ಟು ಜನ ನಿಂತದ್ದನ್ನು ನೋಡಿ ಹೋಗುವ ಬರುವ ಬಸ್ಸುಗಳೆಲ್ಲ ನಿಂತವು. ಜಿತೇಶ್ ಹೊರಗೆ ನಿಂತು, "ಹೋಗಿ, ಹೋಗಿ, ಇದು ಸಭೆ" ಎಂದು ಕೈ ಬೀಸುತ್ತ ಪೂರ್ತಿ ಒದ್ದೆಯಾದ. ಒಬ್ಬ ಕಂಡಕ್ಟರ್, "ಸಭೆಗೆ ಬಸ್ ಸ್ಟ್ಯಾಂಡ್ ಯಾಕೆ ಮಾರಾಯ್ರೆ?" ಎಂದು ಬೈದೇ ಹೋದ.

ಬದ್ರುದ್ದೀನಣ್ಣ ಕೋಟು, ಪದಕ, ಟೋಪಿ ಎಲ್ಲ ಹಾಕಿಕೊಂಡು ಬಂದಿದ್ದರು. ಮೈಕು ಮಳೆಗೆ ಕೆಟ್ಟಿತ್ತು. ಅವರಿಗೆ ಮೈಕು ಬೇಡ. ಕಿವಿ ಕೇಳದವರ ದನಿ ನಿನಗೆ ಗೊತ್ತಲ್ಲ. ಹೇಸರಗತ್ತೆ ಕಚ್ಚಿದ ಕಥೆಯಿಂದಲೇ ಶುರುಮಾಡಿದರು, ಜಾಗದ ಸಮೇತ. ಜನ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ನೀನು ಹೇಳಿದ್ದು ಸರಿಯೇ, ನಕ್ಕರು. ಆಮೇಲೆ ಗುಡ್ಡದ ಮೇಲಿನ ನಲವತ್ತು ಜನರ ಕಥೆಗೆ ಬಂದರು. ನಗುತ್ತಿದ್ದವರು ನೆಟ್ಟಗೆ ನಿಂತರು. "ಆ ನಲವತ್ತರಲ್ಲಿ ಎಷ್ಟು ಜನ ಇವತ್ತಿಗೆ ಉಂಟು ನನಗೆ ಗೊತ್ತಿಲ್ಲ. ಅವರಿಗೆ ಮಕ್ಕಳು ಮೊಮ್ಮಕ್ಕಳು ಇರಬಹುದು. ಅವರೆಲ್ಲ ಉಂಟು ಅಂದ್ರೆ ಈ ಜಯನ ದೆಸೆಯಿಂದ" ಎಂದರು. ನಂತರ ಕಲ್ಲಿನ ಕಡೆಗೆ ತಿರುಗಿ ಸೆಲ್ಯೂಟ್ ಮಾಡಿದರು. ಕಲ್ಲಿನ ಎದುರಿಗೆ ನಮ್ಮ ಮೋಕ್ಷಾ ನಿಂತಿದ್ದಳು. ತನಗೇ ಎಂದು ತಿಳಿದು ಅವಳೂ ತಿರುಗಿ ಒಂದು ಸೆಲ್ಯೂಟ್ ಹೊಡೆದಳು.

ನಿನಗೆ ಹೇಳಬೇಕಾದದ್ದು ಬೇರೆ ಉಂಟು. ನಿನ್ನ ಪತ್ರ ಬಂದ ದಿನ ನಾನು ಅಪ್ಪನ ಪೆಟ್ಟಿಗೆ ತೆಗೆದೆ. ನಿನ್ನ ಪ್ರಬಂಧ ಅದರಲ್ಲಿ ಇತ್ತು. ಇವರು ಅದನ್ನು ಓದಿದ್ದಾರೆ. ಕೆಂಪು ಪೆನ್ಸಿಲಿನಲ್ಲಿ 'ಹನ್ನೊಂದು' ಎಂಬುದರ ಕೆಳಗೆ ಗೆರೆ ಹಾಕಿ ಸರಿ ಗುರುತು ಮಾಡಿದ್ದಾರೆ. 'ಶತ್ರುಗಳು' ಎಂಬುದರ ಪಕ್ಕ ಒಂದು ಪ್ರಶ್ನೆ ಗುರುತು. ಕೊನೆಯ ಸಾಲು, 'ನನ್ನ ತಂದೆ ನನಗೆ ಬಹಳ ಇಷ್ಟ' ಎಂಬುದು. ಅದರ ಕೆಳಗೆ 'ಮಂಜೂರು' ಎಂದು ಬರೆದು ಸಹಿ ಹಾಕಿದ್ದಾರೆ.

ಹಾಗಾಗಿ ಆಫೀಸಿನವರಿಗೆ ಎಂತ ಹೇಳಬೇಕು ಎಂದು ಹೆಚ್ಚು ಯೋಚಿಸಬೇಡ. ನಿನ್ನ ತಪ್ಪು ಅಪ್ಪನಿಗೆ ಮೊದಲೇ ಗೊತ್ತಿತ್ತು. ತಿದ್ದಲು ಮನಸ್ಸಾಗಲಿಲ್ಲ, ಅಷ್ಟೇ.

ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ


ಉರ್ವ
6 ಅಕ್ಟೋಬರ್ 2024

ಬದ್ರುದ್ದೀನಣ್ಣನಿಗೆ,

ನಿನ್ನೆ ನಿಮ್ಮ ಮನೆಯಿಂದ ಹೊರಟವಳು ಸುಖವಾಗಿ ತಲುಪಿದೆ. ರಮ್ಲಾ ಕಟ್ಟಿಕೊಟ್ಟ ರೊಟ್ಟಿಯನ್ನು ಮೋಕ್ಷಾ ನಾನು ಬಾಗಿಲಿಗೆ ಬರುವಾಗಲೇ ವಾಸನೆಯಲ್ಲಿ ಪತ್ತೆ ಹಚ್ಚಿದಳು, ನನಗೆ ಉಳಿದದ್ದು ಎರಡು. ಹಿತೇಶ್ ಡಿಸೆಂಬರಿಗೆ ಬರುತ್ತಾನಂತೆ. ಬಂದವನೇ ನಿಮ್ಮ ಹತ್ತಿರ ಕುಳಿತು ಎಲ್ಲ ಕೇಳಬೇಕಂತೆ. ಗಂಟಲು ಗಟ್ಟಿ ಮಾಡಿಕೊಂಡು ಬಾ ಎಂದಿದ್ದೇನೆ.

ದಾರಿಯಲ್ಲಿ ಆದ ಒಂದು ವಿಷಯ ಯಾರಿಗೂ ಹೇಳಲಿಲ್ಲ. ನಿಮಗೆ ಬರೆಯುತ್ತೇನೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸು ಬದಲಿಸಿ ಉರ್ವದ ಬಸ್ಸು ಹತ್ತಿದೆ. ಕಂಡಕ್ಟರ್ ಬಂದು, "ಎಲ್ಲಿ ಅಜ್ಜಿ?" ಎಂದ.

"ಮಾರ್ಕೆಟ್ ದಾಟಿ, ಹೊಸ ಶೆಲ್ಟರ್."

"ಅಲ್ಲಿ ಎರಡು ಉಂಟು ಹೊಸತು. ಯಾವುದು? ಹೆಸರು ಹೇಳಿ."

ನಾನು ಇವರ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ನಮ್ಮ ಕಾಲದಲ್ಲಿ ಹೇಳುವ ಕ್ರಮ ಇರಲಿಲ್ಲ. ಪಡಿತರ ಕಚೇರಿಯಲ್ಲಿ ಕಾರ್ಡು ತೋರಿಸುತ್ತಿದ್ದೆ, ಆಸ್ಪತ್ರೆಯಲ್ಲಿ ಮಕ್ಕಳನ್ನು ಮುಂದೆ ಮಾಡುತ್ತಿದ್ದೆ. ಮನೆಯಲ್ಲಿ 'ಇಕೊಳ್ಳಿ' ಎಂದರೆ ಸಾಕಿತ್ತು.

"ಅದೇ, ಹವಾಲ್ದಾರರ ಶೆಲ್ಟರ್" ಎಂದೆ.

"ಯಾವ ಹವಾಲ್ದಾರ್? ಬೇಗ ಹೇಳಿ ಅಜ್ಜಿ, ಹಿಂದೆ ಜನ ಉಂಟು."

ಬಸ್ಸಿನ ತುಂಬ ಜನ ನನ್ನನ್ನೇ ನೋಡುತ್ತಿದ್ದರು. ಎದುರಿನ ಸೀಟಿನ ಹುಡುಗಿ ಕಿವಿಯಿಂದ ಫೋನಿನ ವಯರು ತೆಗೆದಳು. ಎಪ್ಪತ್ತೆರಡು ವರ್ಷಕ್ಕೆ ನನ್ನ ಮುಖ ಬಿಸಿಯಾಯಿತು.

"ಜಯ" ಎಂದೆ.

"ಒಂದು ಜಯ" ಎಂದು ಅವನು ಟಿಕೆಟ್ ಹರಿದು ಕೊಟ್ಟು ಹಿಂದೆ ಹೋದ. ಅವನಿಗೆ ಅದು ಎಂತದೂ ಅಲ್ಲ.

ನಿಲ್ದಾಣ ಹತ್ತಿರ ಬರುವಾಗ ಅವನು ಬಾಗಿಲಲ್ಲಿ ನೇತಾಡುತ್ತ ಬಸ್ಸಿನ ಮೈಗೆ ಬಡಿದು, "ಜಯ, ಜಯ, ಜಯ! ಜಯ ಇಳಿಯುವವರು ಮುಂದೆ ಬನ್ನಿ!" ಎಂದು ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದ. ಇಳಿಯುವವಳು ನಾನೊಬ್ಬಳೇ ಇದ್ದೆ.

ನಾಳೆ ಬೆಳಿಗ್ಗೆ ಮಾರ್ಕೆಟಿನಿಂದ ಮೀನು ತರಲಿಕ್ಕುಂಟು. ನಡೆದರೆ ಐದು ನಿಮಿಷ. ಜಿತೇಶ್ ಸ್ಕೂಟರಿನಲ್ಲಿ ಬಿಡುತ್ತೇನೆ ಎಂದ. ಬೇಡ, ಬರುವಾಗ ಬಸ್ಸಿನಲ್ಲಿ ಬರುತ್ತೇನೆ ಎಂದು ಹೇಳಿದ್ದೇನೆ.

ಅಮ್ಮಣಿ